ಕೆಲಸ ಹೋದರೆ ಕಸುಬೂ ಹೋಗುತ್ತಾ?

ಮೊನ್ನೆ ವೀಕ್ಷಕರೊಬ್ಬರು ಫೋನ್ ಮಾಡಿದ್ದರು. ‘ಸರ್, ಹದಿನೆಂಟು ವರ್ಷ ಒಂದೇ ಕಂಪನಿಯಲ್ಲಿ ದುಡಿದೆ. ಮೀಟಿಂಗ್‌ಗೆ ಕರೆದು ಹತ್ತು ನಿಮಿಷದಲ್ಲಿ ಮುಗಿಸಿಬಿಟ್ರು. ನನಗೀಗ ನಲವತ್ತೈದು. ಮನೆ ಸಾಲ ಇದೆ. ಈ ವಯಸ್ಸಲ್ಲಿ ನಾನೇನು ಮಾಡ್ಲಿ?’ ಅಂದರು. ದಿನಾ ರಾತ್ರಿ ಇಲ್ಲಿ ಕೂತು ಎಲ್ಲರನ್ನೂ ಪ್ರಶ್ನೆ ಕೇಳೋ ನನಗೆ, ಆ ಪ್ರಶ್ನೆಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಫೋನ್ ಇಟ್ಟ ಮೇಲೆ ತುಮಕೂರಿನ ಒಬ್ಬರು ನೆನಪಾದರು.

ಎಚ್‌ಎಂಟಿ ವಾಚು ನಿಮಗೆಲ್ಲ ಗೊತ್ತಲ್ಲ? ಎಸ್ಸೆಸ್ಸೆಲ್ಸಿ ಪಾಸಾದ ಮಗನಿಗೆ ಅಪ್ಪ ಕೊಡಿಸುತ್ತಿದ್ದ, ಮದುವೆಯಲ್ಲಿ ಅಳಿಯನ ಕೈಗೆ ಮಾವ ಕಟ್ಟುತ್ತಿದ್ದ ವಾಚು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ತಯಾರಿಕೆ ಶುರುವಾಯಿತು. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಅಲ್ಲಿ ಕೆಲಸ ಸಿಕ್ಕಿತೆಂದರೆ ಜೀವನ ದಡ ಸೇರಿತು ಅಂತಲೇ ಜನ ನಂಬಿದ್ದರು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಆ ವಾಚ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು.

ನಾನು ಹೇಳುತ್ತಿರುವವರು ಅಲ್ಲಿ ಇಪ್ಪತ್ತಾರು ವರ್ಷ ವಾಚು ಜೋಡಿಸಿದವರು. ಹೊರಗೆ ಬಂದಾಗ ಅವರಿಗೆ ನಲವತ್ತೊಂಬತ್ತು. ‘ದುಡ್ಡಿನ ಚಿಂತೆ ಆಮೇಲೆ ಬಂತು ಸಾರ್, ಮೊದಲು ಹೋಗಿದ್ದು ಹೆಸರು’ ಅಂದಿದ್ದರು. ಬೀದಿಯಲ್ಲಿ ಎಲ್ಲರೂ ಅವರನ್ನ ‘ಎಚ್‌ಎಂಟಿ ಅಣ್ಣ’ ಅನ್ನುತ್ತಿದ್ದರಂತೆ. ಕಾರ್ಖಾನೆಯೇ ಇಲ್ಲ ಅಂದಮೇಲೆ ನಾನು ಯಾರು? ಕೆಲಸ ಕೇಳಿಕೊಂಡು ಹೋದರೆ, ಸೆಕ್ಯುರಿಟಿ ಗಾರ್ಡ್ ಆಗ್ತೀರಾ ಅಂತ ಕೇಳಿದರು. ವಿಆರ್‌ಎಸ್ ದುಡ್ಡು ಬಂದಿದೆ ಅಂತ ಗೊತ್ತಾದ ಕೂಡಲೇ ನೆಂಟರು ಪಾಲುದಾರಿಕೆಗೆ ಕರೆದರು. ಒಂದಿಷ್ಟು ಹಣ ಹಾಗೇ ಕರಗಿತು.

ಒಂದು ದಿನ ಕಾಲೇಜಿನಿಂದ ಬಂದ ಮಗಳು, ‘ಅಪ್ಪ, ನಮ್ಮ ಲ್ಯಾಬಲ್ಲಿ ನಾಲ್ಕು ಮೈಕ್ರೋಸ್ಕೋಪ್ ಕೆಟ್ಟು ಕೂತಿದೆ, ರಿಪೇರಿಯವರೇ ಸಿಗ್ತಿಲ್ಲ’ ಅಂದಳು. ಇವರು ಹೋದರು. ಬಿಚ್ಚಿ ನೋಡಿದರೆ ಒಳಗೆ ಪರಿಚಯದ ಲೋಕ! ಸಣ್ಣ ತಿರುಪು, ಸಣ್ಣ ಹಲ್ಲುಚಕ್ರ. ಚಿಮುಟ ಹಿಡಿಯೋ ಕೈ, ಕೂದಲೆಳೆಯ ವ್ಯತ್ಯಾಸ ಹಿಡಿಯೋ ಕಣ್ಣು, ಗಂಟೆಗಟ್ಟಲೆ ಅಲುಗದೆ ಕೂರೋ ತಾಳ್ಮೆ – ಎಲ್ಲಾ ಅವರ ಹತ್ತಿರವೇ ಇತ್ತು. ಲೆನ್ಸಿನ ವಿಷಯ ಮಾತ್ರ ಗೊತ್ತಿರಲಿಲ್ಲ. ಅದನ್ನು ತನ್ನ ಅರ್ಧ ವಯಸ್ಸಿನ ಹುಡುಗನ ಹತ್ತಿರ ಕಲಿತರು. ಮೊದಲೆರಡು ವರ್ಷ ಹಳೇ ಸಂಬಳದ ಅರ್ಧವೂ ಹುಟ್ಟಲಿಲ್ಲ. ಹೆಂಡತಿ ಹೊಲಿಗೆ ಮಾಡಿ ಮನೆ ನಡೆಸಿದರು. ಇದನ್ನ ಮುಚ್ಚಿಟ್ಟು ನಿಮಗೆ ಬರೀ ಗೆದ್ದ ಕಥೆ ಹೇಳಿದರೆ ಅದು ಮೋಸ.

ನೋಡಿ, ಕೆಲಸ ಬೇರೆ, ಕಸುಬು ಬೇರೆ. ಕೆಲಸವನ್ನು ಕಂಪನಿ ಕೊಡುತ್ತೆ, ಕಂಪನಿಯೇ ಕಿತ್ತುಕೊಳ್ಳುತ್ತೆ. ಕಸುಬು ನೀವು ಸಂಪಾದಿಸಿದ್ದು. ಅದನ್ನು ಗೇಟಿನಲ್ಲಿ ಐಡಿ ಕಾರ್ಡಿನ ಜೊತೆ ವಾಪಸ್ ಕೊಟ್ಟು ಬರಬೇಕಾಗಿಲ್ಲ.

ಹಾಗಂತ ಎಲ್ಲಾ ಭಾರ ಕೆಲಸ ಕಳೆದುಕೊಂಡವನ ತಲೆ ಮೇಲೆ ಹಾಕೋದು ನ್ಯಾಯವಾ? ವಯಸ್ಸು ಮೂವತ್ತೈದು ಮೀರಿರಬಾರದು ಅಂತ ಜಾಹೀರಾತು ಕೊಡೋರು ಯಾರು? ಕೌಶಲ ತರಬೇತಿ ಅಂದ ತಕ್ಷಣ ಸರ್ಕಾರಗಳಿಗೆ ಬರೀ ಯುವಕರು ಕಾಣ್ತಾರೆ. ಐವತ್ತರ ಆಸುಪಾಸಿನವನು ಮತ್ತೆ ಬೆಂಚಿನ ಮೇಲೆ ಕೂತು ಕಲಿಯೋಕೆ ಸಿದ್ಧ ಅಂದರೆ, ಬೆಂಚು ಎಲ್ಲಿದೆ ಸ್ವಾಮಿ?

ಫೋನ್ ಮಾಡಿದ ಆ ಸಹೋದರರಿಗೆ ಮೂರು ಮಾತು. ಒಂದು, ಬಾಕಿ ಬಿಡಬೇಡಿ. ಐದು ವರ್ಷ ಮೀರಿ ದುಡಿದಿದ್ದೀರಿ. ರಾಜೀನಾಮೆ ಬರೆಸಿಕೊಂಡಿದ್ದರೂ ವರ್ಷಕ್ಕೆ ಹದಿನೈದು ದಿನದ ವೇತನದ ಲೆಕ್ಕದಲ್ಲಿ ಗ್ರಾಚುಟಿ ನಿಮ್ಮ ಹಕ್ಕು. ಎರಡು, ಬಂದ ಹಣವನ್ನು ಆರು ತಿಂಗಳು ಯಾರ ವ್ಯಾಪಾರಕ್ಕೂ ಹಾಕಬೇಡಿ, ಸ್ವಂತ ಭಾವಮೈದುನ ಕೇಳಿದರೂ ಸರಿ. ಮೂರು, ಇವತ್ತು ರಾತ್ರಿ ಒಂದು ಹಾಳೆ ತಗೊಂಡು ಬರೆಯಿರಿ. ನಿಮ್ಮ ಹುದ್ದೆ ಏನಿತ್ತು ಅಂತ ಅಲ್ಲ, ನಿಮಗೆ ಏನೇನು ಮಾಡೋಕೆ ಬರುತ್ತೆ ಅಂತ.

ಇನ್ನು ಉಳಿದ ನಾವು. ಅಂಥವರು ಎದುರು ಸಿಕ್ಕಾಗ ‘ಎಲ್ಲಾದ್ರೂ ಸಿಕ್ತಾ?’ ಅಂತ ಕೇಳೋದನ್ನ ನಿಲ್ಲಿಸೋಣ. ಕೆಟ್ಟು ಕೂತ ಮೈಕ್ರೋಸ್ಕೋಪ್ ಎಲ್ಲಿದೆ ಅಂತ ಗೊತ್ತಿದ್ದರೆ, ಅದನ್ನ ಹೇಳೋಣ.