ಬಾದಾಮಿಯ ಕಲ್ಲಿನಲ್ಲಿ ಎರಡು ಬಗೆಯ ಗೆರೆ

ಬಾದಾಮಿಗೆ ಹೋದವರೆಲ್ಲ ಮೊದಲ ಗುಹೆಯ ನಟರಾಜನ ಮುಂದೆ ನಿಂತು ಹದಿನೆಂಟು ಕೈಗಳನ್ನು ಎಣಿಸುತ್ತಾರೆ. ನಾನೂ ಎಣಿಸಿದ್ದೇನೆ. ಇವತ್ತು ಕೈಗಳನ್ನು ಬಿಟ್ಟು ಅವುಗಳ ಹಿಂದಿನ ಕಲ್ಲನ್ನು ನೋಡೋಣ.

ಶಾಲೆಯಲ್ಲಿ ನಾವು ಈ ಮರಳುಗಲ್ಲನ್ನು ಜಲಜ ಶಿಲೆ ಎಂದು ಓದಿದೆವು. ಹೆಸರು ಚೆಂದವೇ. ಆದರೆ ಗಾಳಿ ಗುಡ್ಡೆ ಹಾಕಿದ ಮರಳು ಕಲ್ಲಾದರೂ ಇದೇ ಪಂಗಡಕ್ಕೆ ಸೇರುತ್ತದೆ! ಬಾದಾಮಿಯ ಮಟ್ಟಿಗೆ ಹೆಸರಿಗೆ ಮೋಸವಿಲ್ಲ. ಇಲ್ಲಿನ ಮರಳನ್ನು ಹೆಚ್ಚಾಗಿ ನದಿಗಳೇ ತಂದವು. ನೆಲದ ಮೇಲೆ ಹುಲ್ಲುಕಡ್ಡಿಯೂ ಹುಟ್ಟದ ಕಾಲ ಅದು. ದಡವನ್ನು ಹಿಡಿದಿಡಲು ಬೇರುಗಳಿಲ್ಲದ ಕಡೆ ನದಿ ಹತ್ತಾರು ಸೀಳಾಗಿ ಅಗಲಕ್ಕೆ ಹರಿಯುತ್ತದೆ.

ಬಂಡೆಯ ಮಗ್ಗುಲಿಗೆ ನಿಂತರೆ ದಪ್ಪ ಪದರಗಳು ಮಟ್ಟವಾಗಿ ಮಲಗಿರುವುದು ಕಾಣುತ್ತದೆ. ಒಂದೇ ಪದರದೊಳಗೆ ಕಣ್ಣಿಟ್ಟು ನೋಡಿ, ಸಣ್ಣ ಗೆರೆಗಳೆಲ್ಲ ಓರೆ. ಕಣದಲ್ಲಿ ಜೋಳದ ರಾಶಿ ಹಾಕಿದವರಿಗೆ ಇದು ಬೇಗ ತಿಳಿಯುತ್ತದೆ. ರಾಶಿ ಒಂದು ಹದಕ್ಕೆ ಕಡಿದಾದ ಮೇಲೆ ಕಾಳು ನಿಲ್ಲುವುದಿಲ್ಲ, ಜಾರುತ್ತದೆ. ಒಣ ಮರಳಿಗೆ ಆ ಇಳಿಜಾರು ಸುಮಾರು 30ರಿಂದ 35 ಡಿಗ್ರಿ. ನದಿಯ ತಳದಲ್ಲೂ ನೀರು ಮರಳನ್ನು ದಿಬ್ಬದ ಬೆನ್ನ ಮೇಲೆ ಹತ್ತಿಸಿ, ನೆತ್ತಿಯಿಂದ ಆಚೆಗೆ ಕೆಡವುತ್ತದೆ. ಹಾಗೆ ಜಾರಿದ ಮರಳಿನ ಒಂದೊಂದು ತೆಳು ಹೊದಿಕೆಯೂ ಒಂದೊಂದು ಓರೆಗೆರೆ. ಆಮೇಲೆ ಬಂದ ಪ್ರವಾಹ ನೆತ್ತಿಯನ್ನು ಕೊಚ್ಚಿ, ಅದರ ಮೇಲೆ ಹೊಸ ದಿಬ್ಬ ಕೂರಿಸುತ್ತದೆ. ಗೆರೆ ಇಳಿದ ಕಡೆಗೇ ನೀರು ಹೋಗಿದೆ. ನದಿ ಬತ್ತಿ ಎಷ್ಟೋ ಕೋಟಿ ವರ್ಷಗಳಾಗಿವೆ. ಅದು ಹರಿದ ದಿಕ್ಕನ್ನು ನಾವು ಬೆರಳಿಟ್ಟು ತೋರಿಸಬಹುದು.

ಇನ್ನೊಂದು ಬಗೆಯ ಗೆರೆ ನನ್ನನ್ನು ಬಹಳ ದಿನ ಏಮಾರಿಸಿತ್ತು. ಕೆಲವು ಕಂಬಗಳಲ್ಲಿ, ಗೋಡೆಗಳಲ್ಲಿ ಕೆಂಪು, ನೇರಳೆ, ಬಿಳಿ ಪಟ್ಟೆಗಳು ಅಲೆಅಲೆಯಾಗಿ ಬಳುಕುತ್ತವೆ. ಇವೂ ಪದರಗಳೇ ಎಂದುಕೊಂಡಿದ್ದೆ. ಒಮ್ಮೆ ಒಂದು ಪಟ್ಟೆಯ ಜಾಡು ಹಿಡಿದು ಹೋದೆ. ಅದು ಮರಳಿನ ಗೆರೆಗಳನ್ನು ಅಡ್ಡ ಕತ್ತರಿಸಿಕೊಂಡು ಹೋಗಿತ್ತು. ಅಂದ ಮೇಲೆ ಪಟ್ಟೆಯೇ ಕಿರಿಯದು. ಮರಳು ಕೂತ ನಂತರ ಅದರ ಸಂದುಗಳಲ್ಲಿ ಇಂಗಿದ ನೀರು ಕಬ್ಬಿಣವನ್ನು ಕರಗಿಸಿ ಒಯ್ದು ಬೇರೆಡೆ ತುಕ್ಕಾಗಿ ಬಿಡುತ್ತದೆ. ಒಂದು ಕಡೆ ತುಕ್ಕು ಕಟ್ಟಿದರೆ ಅಕ್ಕಪಕ್ಕದ ಕಬ್ಬಿಣವೂ ಅಲ್ಲಿಗೇ ಸರಿದು ಖರ್ಚಾಗಬಹುದು. ಮುಂದಿನ ಪಟ್ಟೆ ಸ್ವಲ್ಪ ದೂರ ಬಿಟ್ಟು ಹುಟ್ಟುತ್ತದೆ. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಸೆಗಾಂಗ್ 1896ರಲ್ಲಿ ಜೆಲಾಟಿನ್ ಮೇಲೆ ಬೆಳ್ಳಿಯ ಲವಣದ ಹನಿ ಬಿಟ್ಟು ಇಂಥದೇ ಬಳೆಗಳನ್ನು ತೋರಿಸಿದ.

ಮೂರನೆಯ ಗುಹೆ ಚಾಲುಕ್ಯರ ಮಂಗಲೇಶ ಕೊರೆಸಿದ್ದು, ಶಾಸನದ ವರ್ಷ 578. ಅಲ್ಲಿನ ಛಾವಣಿಯಲ್ಲಿ ಹಳೆಯ ವರ್ಣಚಿತ್ರಗಳ ತುಣುಕುಗಳು ಉಳಿದಿವೆ. ಚಿತ್ರಕಾರರು ಕಲ್ಲಿಗೆ ಗಾರೆ ಬಳಿದು, ಅದರ ಮೇಲೆ ತಮ್ಮ ಬಣ್ಣ ಹಚ್ಚಿದ್ದರು. ನಾವು ಮೆಚ್ಚಿ ಫೋಟೊ ತೆಗೆಯುವ ಈ ಪಟ್ಟೆಗಳು ಅವರಿಗೆ ಬಹುಶಃ ಮುಚ್ಚಬೇಕಾದ ಕಲೆಗಳಾಗಿದ್ದವು.