ಸೇವಾ ಸಂಸ್ಥೆ ಕಟ್ಟುವ ಮುನ್ನ



ಊರಿನಲ್ಲೊಂದು ಸೇವಾ ಸಂಸ್ಥೆ ಸ್ಥಾಪಿಸಬೇಕೆಂಬ ಉತ್ಸಾಹ ಹಲವರಿಗಿದೆ. ನೋಂದಣಿಯೇನೂ ಕಷ್ಟವಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಜನ ಸೇರಿದರೆ ಸಾಕು. ಯಾವ ಕೆಲಸ ಹಿಡಿಯಬೇಕೆಂಬುದೇ ಕಷ್ಟದ ಪ್ರಶ್ನೆ. ಉದ್ದೇಶಗಳ ಪಟ್ಟಿಯಲ್ಲಿ ಶಿಶುವಿಹಾರದಿಂದ ಸ್ಮಶಾನದವರೆಗೆ ಎಲ್ಲವನ್ನೂ ಬರೆಯುವವರುಂಟು!

ಮಣಿಭಾಯಿ ದೇಸಾಯಿಯವರು 1946ರಲ್ಲಿ ಗಾಂಧೀಜಿಯವರೊಡನೆ ಪುಣೆ ಸಮೀಪದ ಉರುಳಿಕಾಂಚನಕ್ಕೆ ಬಂದು ಅಲ್ಲಿಯೇ ನೆಲೆಸಿದರು. ಪ್ರಕೃತಿ ಚಿಕಿತ್ಸಾ ಆಶ್ರಮ ನಡೆಸಿದರು, ಗೀರ್ ಹಸುಗಳನ್ನು ಸಾಕಿದರು. ಬೈಫ್ ಸಂಸ್ಥೆ ಹುಟ್ಟಿದ್ದು 1967ರಲ್ಲಿ, ಅಂದರೆ 21 ವರ್ಷಗಳ ದುಡಿಮೆಯ ನಂತರ. ಅದು ಮೊದಲು ಹಿಡಿದದ್ದು ಜಾನುವಾರು ಅಭಿವೃದ್ಧಿಯ ಕೆಲಸವನ್ನು. ಹಸುವಿನ ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆ ಮಾತ್ರ ಇರುತ್ತದೆ. ಹಸುವನ್ನು ದೂರದ ಆಸ್ಪತ್ರೆಗೆ ಹೊಡೆದುಕೊಂಡು ಹೋಗುವಷ್ಟರಲ್ಲಿ ಸಮಯ ಮೀರಬಹುದು. ಆದ್ದರಿಂದ ಬೈಫ್ ಕಾರ್ಯಕರ್ತರು ಕೃತಕ ಗರ್ಭಧಾರಣೆಯನ್ನು ರೈತನ ಕೊಟ್ಟಿಗೆಗೇ ಒಯ್ದರು. ಮೇವು, ಜಲಾನಯನ ಮುಂತಾದವು ಆಮೇಲೆ ಸೇರಿದವು. ಕರ್ನಾಟಕದಲ್ಲಿ ತಿಪಟೂರು ಅದರ ಕೇಂದ್ರ. ಮಣಿಭಾಯಿಯವರು 1993ರಲ್ಲಿ ತೀರಿಕೊಂಡರೂ ಸಂಸ್ಥೆ ನಿಲ್ಲಲಿಲ್ಲ.

ಇನ್ನು ಹಣಕಾಸಿನ ಮಾತು. ಲಾಭರಹಿತ ಸಂಸ್ಥೆಯೆಂದರೆ ಹಣ ಉಳಿಯಲೇಬಾರದೆಂದಲ್ಲ. ಉಳಿದದ್ದನ್ನು ಸದಸ್ಯರು ಹಂಚಿಕೊಳ್ಳುವಂತಿಲ್ಲ, ಅಷ್ಟೇ. ವಂತಿಗೆಗೆ ರಸೀದಿ, ಬ್ಯಾಂಕಿನಲ್ಲಿ ಸಂಘದ ಹೆಸರಿನ ಖಾತೆ, ನಗದು ಪುಸ್ತಕ, ನಡಾವಳಿ ಪುಸ್ತಕ ಮೊದಲ ದಿನದಿಂದಲೇ ಇರಲಿ. ಸಂಘದ ಹಣ ಕಾರ್ಯದರ್ಶಿಯ ಮನೆ ಖರ್ಚಿನೊಡನೆ ಬೆರೆತರೆ ಊರಿನ ನಂಬಿಕೆ ಹೋಯಿತೆಂದೇ ತಿಳಿಯಿರಿ. ಪ್ರತಿವರ್ಷ ಲೆಕ್ಕ ತಪಾಸಣೆ ಮಾಡಿಸಿ, ಮಹಾಸಭೆಯ ಮುಂದಿಟ್ಟು, ವಿವರಗಳನ್ನು ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಇದನ್ನು ಮರೆತ ಸಂಘಗಳಿಗೆ ಎಚ್ಚರವಾಗುವುದು ಅನುದಾನ ಕೇಳಲು ಹೋದಾಗಲೇ.