ಹೊಲದ ಮಣ್ಣು ಮತ್ತು ಕಡಲ ತಳ

(ಕರಾವಳಿ ರೈತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಬೇಸಾಯ ಕಲಿಸುವವನಿಗೆ ಕಡಲ ತಳದ ಗೊಡವೆ ಏಕೆಂದು ನೀವು ಕೇಳಬಹುದು. ಆಷಾಢದ ಮಳೆಯಲ್ಲಿ ನೇತ್ರಾವತಿ ಕೆಂಪಾಗಿ ಹರಿಯುವುದನ್ನು ನೀವೆಲ್ಲ ನೋಡಿದ್ದೀರಿ. ಆ ಕೆಂಪು ನಮ್ಮ ಗುಡ್ಡ, ಗದ್ದೆ, ತೋಟಗಳ ಮಣ್ಣು. ಅದು ಎಲ್ಲಿ ಹೋಗಿ ನಿಲ್ಲುತ್ತದೆ ಎಂಬುದೇ ಇಂದಿನ ವಿಷಯ.

ನದಿಯು ಮಣ್ಣನ್ನು ಜರಡಿ ಹಿಡಿದಂತೆ ಬೇರ್ಪಡಿಸುತ್ತದೆ. ಮರಳು ಅಳಿವೆಯಲ್ಲೂ ದಡದಲ್ಲೂ ಉಳಿಯುತ್ತದೆ. ರೇವೆ ಮತ್ತು ಜೇಡಿ ಮುಂದೆ ಸಾಗುತ್ತವೆ. ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದು, ಸಿಹಿನೀರಿನಲ್ಲಿ ದಿನಗಟ್ಟಲೆ ತೇಲುತ್ತದೆ. ಉಪ್ಪುನೀರು ಸೇರಿದೊಡನೆ ಕಣಗಳು ಒಂದಕ್ಕೊಂದು ಅಂಟಿಕೊಂಡು, ಬಗ್ಗಡದ ನೀರಿಗೆ ಸ್ಫಟಿಕ ತಿರುವಿದಾಗ ಆಗುವಂತೆ, ತಳಕ್ಕಿಳಿಯುತ್ತವೆ. ಆದ್ದರಿಂದಲೇ ದಡದ ಮರಳಿನ ಪಟ್ಟಿ ದಾಟಿದರೆ ಸುಮಾರು 50 ಮೀಟರ್ ಆಳದವರೆಗೆ ನಮ್ಮ ಕಡಲ ತಳದಲ್ಲಿ ಕೆಸರೇ ಹೆಚ್ಚು. ಅದರಾಚೆ ಮತ್ತೆ ಮರಳು ಸಿಗುತ್ತದೆ. ಅದು ಈಗಿನದಲ್ಲ, ಸಾವಿರಾರು ವರ್ಷಗಳ ಹಿಂದೆ ಕಡಲಮಟ್ಟ ತಗ್ಗಿದ್ದ ಕಾಲದ ಸುಣ್ಣಭರಿತ ಮರಳು.

ಕೆಸರು ಎಷ್ಟು ಬೇಗ ಕೂರುತ್ತದೆಂದು ತಿಳಿಯಲು ಕೊಳವೆಯೊಂದನ್ನು ತಳಕ್ಕೆ ಇಳಿಸಿ ಮಣ್ಣಿನ ಕಂಬವನ್ನೇ ತೆಗೆಯುತ್ತಾರೆ. ಅದನ್ನು ಬಿಲ್ಲೆಗಳಾಗಿ ಕೊಯ್ದು ಸೀಸ-210 ಎಂಬ ವಿಕಿರಣ ಸೂಸುವ ವಸ್ತುವನ್ನು ಅಳೆಯುತ್ತಾರೆ. ಇದು ಗಾಳಿಯಿಂದ ಮಳೆಯೊಡನೆ ಇಳಿದು ಜೇಡಿಗೆ ಅಂಟುತ್ತದೆ. ಸುಮಾರು 22 ವರ್ಷಕ್ಕೆ ಅರ್ಧವಾಗುತ್ತದೆ. ಮೇಲ್ಭಾಗದ ಅರ್ಧದಷ್ಟು 10 ಸೆಂಟಿಮೀಟರ್ ಕೆಳಗೆ ಸಿಕ್ಕಿತೆನ್ನಿ. ಆಗ ಆ 10 ಸೆಂಟಿಮೀಟರ್ ಕೂರಲು 22 ವರ್ಷ ಹಿಡಿಯಿತು, ಅಂದರೆ ವರ್ಷಕ್ಕೆ ಸುಮಾರು ನಾಲ್ಕೂವರೆ ಮಿಲಿಮೀಟರ್. ಹುಳುಗಳೋ ಬಲೆಗಳೋ ತಳವನ್ನು ಕಲಕಿದ್ದರೆ ಲೆಕ್ಕ ತಪ್ಪುತ್ತದೆ.

ಮಿಲಿಮೀಟರೆಂದರೆ ಅಲ್ಪವೆನಿಸಬಹುದು. ಒಂದು ಹೆಕ್ಟೇರಿನಿಂದ 1 ಮಿಲಿಮೀಟರ್ ಮಣ್ಣು ಕೊಚ್ಚಿದರೆ 10 ಘನ ಮೀಟರ್, ತೂಕ ಸುಮಾರು 13 ಟನ್! ಅದರಲ್ಲೂ ದೂರ ಹೋಗುವುದು ಜೇಡಿ ಮತ್ತು ಸಾವಯವ ಅಂಶ. ಪೊಟ್ಯಾಷನ್ನೂ ಸುಣ್ಣವನ್ನೂ ಹಿಡಿದಿಡುವವು ಅವೇ. ಕೆಸರಿನ ತಳ ಸೀಗಡಿಗೆ ಒಗ್ಗುತ್ತದೆ, ನಿಜ. ಆದರೆ ಬಂದರಿನಲ್ಲಿ ತುಂಬುವುದೂ ಅಂಥ ಕೆಸರೇ. ಪಣಂಬೂರಿನಲ್ಲಿ ಹಡಗಿನ ದಾರಿಯ ಹೂಳನ್ನು ಆಗಾಗ ಎತ್ತಲೇಬೇಕು.

ಕಡಲಿಗೆ ಹೋದದ್ದನ್ನು ತರಲಾಗದು. ತೋಟದ ಕಣಿಯಲ್ಲಿ ನಿಂತದ್ದನ್ನಾದರೂ ಮಳೆಗಾಲ ಮುಗಿದೊಡನೆ ಎತ್ತಿ ಅಡಿಕೆಯ ಬುಡಕ್ಕೆ ಹಾಕಿ. ಗುಡ್ಡದ ಗೇರಿಗೆ ಇಳಿಜಾರಿಗೆ ಅಡ್ಡವಾಗಿ ಕಣಿ ತೋಡಿ.

ಮುಂದಿನ ಮಳೆಯಲ್ಲಿ ತೋಟದಿಂದ ಹೊರಹೋಗುವ ನೀರನ್ನು ಎರಡು ಗಾಜಿನ ಸೀಸೆಗಳಲ್ಲಿ ಹಿಡಿಯಿರಿ. ಒಂದಕ್ಕೆ ಚಮಚ ಉಪ್ಪು ಹಾಕಿ ಕುಲುಕಿ ಇಡಿ. ಅದು ಬೇಗ ತಿಳಿಯಾಗುತ್ತದೆ. ತಳದಲ್ಲಿ ಕೂತದ್ದನ್ನು ಬೆರಳಲ್ಲಿ ತಿಕ್ಕಿ ನೋಡಿ. ಮರಳು ತಗಲದೆ ನುಣ್ಣಗಿದ್ದರೆ ಹೊರಟಿರುವುದು ನಿಮ್ಮ ತೋಟದ ಜೇಡಿಯೇ.